ಮುದನಾಳದ ಕೆಸರಿಗೆ ಬಂದ ಅಪ್ಪ

ಕಕ್ಕೇರಾದಲ್ಲಿ ಶಾಂತಕುಮಾರ ಎಲ್ಲರಿಗೂ ಗೊತ್ತು. ಅವನ ಕೆಲಸ ಏನೆಂಬುದು ಮಾತ್ರ ಬಹಳ ಜನರಿಗೆ ಗೊತ್ತಿರಲಿಲ್ಲ. “ಗಾಡಿ ಹೊಡೀತಾನ” ಎನ್ನುತ್ತಿದ್ದರು. ಲಾರಿಯೋ ಟಂಟಂ ಆಟೋವೋ ಎಂದು ಕೇಳಿದರೆ, “ಇಲ್ಲರಿ, ಮೋಟರ್ ಸೈಕಲ್ಲು. ರಾಡಿಯೊಳಗ ಹಾರಸ್ತಾನ, ಅದಕ್ಕೂ ಪಗಾರ ಕೊಡ್ತಾರಂತ” ಎಂದು ನಗುತ್ತಿದ್ದರು. ನಗಲಿ ಬಿಡಿ. ಹನ್ನೊಂದು ವರ್ಷ ಅವನು ಆ ಕೆಲಸದಿಂದಲೇ ಅನ್ನ ತಿಂದ. ಮಣ್ಣು ಗುಡ್ಡೆ ಹಾಕಿ ಬೈಕು ಹಾರಿಸುವ ಪಂದ್ಯ ನಾಸಿಕದಲ್ಲಿರಲಿ, ಕೊಯಮತ್ತೂರಿನಲ್ಲಿರಲಿ, ಪುಣೆಯ ತಂಡವೊಂದರ ಅಂಗಿ ತೊಟ್ಟು ಓಡಿಸಿದ. ಎರಡು ಸಲ ಎಡಮೊಣಕಾಲು ಕೊಯ್ಯಿಸಿಕೊಂಡ, ಒಂದು ಸಲ ಹೆಗಲಿನ ಎಲುಬು ಮುರಿದುಕೊಂಡ.

ಇಷ್ಟಾದರೂ ಅವನ ಅಪ್ಪ ಹುಲಗಪ್ಪ ರೇಸಿನ ಸುದ್ದಿ ಎತ್ತಿದ್ದು ಒಂದೇ ಒಂದು ಸಲ. ಹುಲಗಪ್ಪ ಕುರಿ ಕಾಯುವವನು. ಮಗ ಬೈಕು ಕಲಿತದ್ದೇ ಆ ಕುರಿಗಳ ದೆಸೆಯಿಂದ. ಹಿಂಡು ಎಲ್ಲಿ ಬೀಡುಬಿಟ್ಟಿದೆಯೋ ಅಲ್ಲಿಗೆ ಬುತ್ತಿ ಮುಟ್ಟಿಸಲು ಸೋದರಮಾವನ ಹಳೇ ಗಾಡಿಯನ್ನು ಒಡ್ಡು, ಹಳ್ಳ, ಎರೆಹೊಲ ಎನ್ನದೆ ನುಗ್ಗಿಸುತ್ತಿದ್ದ. ಬುತ್ತಿ ಬರುವಷ್ಟು ದಿನ ಅಪ್ಪನಿಗೆ ಆ ಗಾಡಿ ಬೇಕಿತ್ತು, ಮಗ ಅದನ್ನೇ ಉದ್ಯೋಗ ಮಾಡಿಕೊಂಡ ಮೇಲೆ ಬೇಡವಾಯಿತು. “ಸುತ್ತಿ ಸುತ್ತಿ ಹೊಂಟಲ್ಲಿಗೇ ಬರೂದಿದ್ರ ಯಾಕ ಹೋಗಬೇಕೋ ತಮ್ಮಾ?” ಎಂದು ಒಮ್ಮೆ ಕೇಳಿದ್ದ. ಆಮೇಲೆ ಅಪ್ಪ ಮಗ ಬೇರೆ ಬೇರೆ ಮಾತಾಡಿಕೊಂಡು ಕಾಲ ಕಳೆದರು. ಅಪ್ಪ ಒಂದು ಸಲವಾದರೂ ಬಂದು ನೋಡಲಿ ಎಂಬ ಆಸೆಯನ್ನು ಮಗ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಈ ವರ್ಷ ಹಂಗಾಮಿನ ಮೊದಲ ರೇಸು ಯಾದಗಿರಿಯ ಮಗ್ಗುಲಿಗೇ ಬಂತು. ಮುದನಾಳದ ಹತ್ತಿರ ಬೀಳುಬಿದ್ದ ಹೊಲದಲ್ಲಿ ಗರಸಿನ ಕಲ್ಲುಮಣ್ಣು ಸುರಿದು ಟ್ರ್ಯಾಕ್ ಕಟ್ಟಿದರು. ತಂಡದ ಮ್ಯಾನೇಜರು ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಈ ಸಲ ತಂಡಕ್ಕೆ ಒಬ್ಬನೇ ಸವಾರ ಸಾಕು. ಮುದನಾಳದಲ್ಲಿ ಮೊದಲ ಮೂವರೊಳಗೆ ಬಂದರೆ ಶಾಂತಕುಮಾರ ಉಳಿಯುತ್ತಾನೆ, ಇಲ್ಲದಿದ್ದರೆ ಬೈಕು ಒಪ್ಪಿಸಿ ಮನೆಗೆ. ಮೂವತ್ತೆರಡು ವಯಸ್ಸಿನ, ಕೊಯ್ಯಿಸಿಕೊಂಡ ಮೊಣಕಾಲಿನವನನ್ನು ಬೇರೆ ಯಾವ ತಂಡವೂ ಕರೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ರೇಸಿಗೆ ಮುಂಚಿನ ಎರಡು ದಿನ ಮಳೆ ಹಿಡಿದು ಹೊಡೆಯಿತು. ಗರಸು ಕೆಳಗಿಳಿದು ಕಪ್ಪು ಎರೆಮಣ್ಣು ಮೇಲೆದ್ದಿತು. ಈ ಮಣ್ಣಿನ ಗುಣ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನೆನೆದರೆ ಅದು ಹಿಡಿದದ್ದನ್ನು ಬಿಡುವುದಿಲ್ಲ. ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಈ ಕಡೆ ಯಾರ ಗಾಡಿ ಹುಗಿದುಕೊಂಡರೂ ದಾರಿಹೋಕ ನಿಂತು ಹೆಗಲು ಕೊಡಲೇಬೇಕು. ಮಾತು ಬಿಟ್ಟವನ ಗಾಡಿಯಾದರೂ ಸರಿಯೇ. ನೋಡಿಯೂ ನೋಡದಂತೆ ಹೋದವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಆದರೆ ರೇಸಿನ ಕಾನೂನು ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಬಿದ್ದವನು ತಾನೇ ಏಳಬೇಕು. ಹೊರಗಿನವರು ಬೈಕು ನೂಕಿಕೊಟ್ಟರೆ ಆ ಓಟ ಲೆಕ್ಕಕ್ಕಿಲ್ಲ.

ಇನ್ನೇನು ಸಾಲಿಗೆ ನಿಲ್ಲಬೇಕು, ಆಗ ಅವನ ಮೆಕ್ಯಾನಿಕ್, ಶಹಾಪುರದ ಮುಜಫರ, ಓಡೋಡಿ ಬಂದ.

“ಶಾಂತೂ, ನಿಮ್ಮಪ್ಪ ಬಂದಾರ ನೋಡಲೇ! ಕಾಲುವಿ ಕಡೀ ತಿರುವಿನ್ಯಾಗ ನಿಂತಾರ!”

ಹುಲಗಪ್ಪ ಯಾದಗಿರಿಯ ಸಂತೆಗೆ ಟಗರು ಹೊಡೆದುಕೊಂಡು ಬಂದವನು, ವ್ಯಾಪಾರ ಮುಗಿಸಿ ಊರಿನ ಬಸ್ಸು ಹತ್ತದೆ ಮುದನಾಳದ ಟಂಟಂ ಹತ್ತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಹಗ್ಗದ ಆಚೆ ಪ್ಯಾಂಟು ಶರ್ಟಿನ ಹುಡುಗರ ನಡುವೆ ಅವನೊಬ್ಬನೇ ಧೋತರದವನು. ಹೆಲ್ಮೆಟ್ಟಿನೊಳಗೆ ಶಾಂತಕುಮಾರನ ಕಣ್ಣು ತುಂಬಿತು. ಎಂಥ ಹೊತ್ತಿನಲ್ಲಿ ಅಳು ಬಂತು ನೋಡು ಎಂದು ತನ್ನನ್ನೇ ಬೈದುಕೊಂಡ.

ಸಾಲಿನ ಮುಂದಿನ ಗೇಟು ಬಿದ್ದು ಓಟ ಶುರುವಾದಾಗ ಅವನು ಒಂಬತ್ತನೆಯವನು. ಉಳಿದವರೆಲ್ಲ ವೇಗದ ಹಿಂದೆ ಬಿದ್ದರು. ಇವನು ಎರಡನೇ ಗೇರು ಬಿಡಲಿಲ್ಲ, ಬ್ರೇಕು ಮುಟ್ಟಲಿಲ್ಲ, ಹುಲ್ಲು ಇರುವ ಅಂಚು ಹಿಡಿದೇ ಓಡಿಸಿದ. ಮೂರನೇ ಸುತ್ತಿಗೆ ಮುಂದಿದ್ದವರು ಒಬ್ಬೊಬ್ಬರಾಗಿ ನಿಂತು ಗಾಲಿಯ ಕೆಸರು ಬಗೆಯತೊಡಗಿದರು. ಕೊನೆಯ ಸುತ್ತು ಶುರುವಾದಾಗ ಇವನು ಮೂರನೆಯವನು. ಹಿಂದಿನವನ ಸದ್ದು ಎಲ್ಲೋ ದೂರದಲ್ಲಿತ್ತು.

ಕಾಲುವೆಯ ಕಡೆಯ ತಿರುವಿನಲ್ಲಿ ಒಂದು ಸುತ್ತು ಹಿಂದುಳಿದಿದ್ದ ಸವಾರನೊಬ್ಬ ಅಡ್ಡ ಬಿದ್ದಿದ್ದ. ಅವನನ್ನು ತಪ್ಪಿಸಲು ಹೋಗಿ ಶಾಂತಕುಮಾರ ತಗ್ಗಿಗೆ ಇಳಿದ. ಹಿಂದಿನ ಗಾಲಿ ಅಚ್ಚಿನವರೆಗೆ ಹೂತಿತು. ಎಂಜಿನ್ ಚೀರಿತು, ಗಾಡಿ ಅಲುಗಲಿಲ್ಲ. ಇಳಿದು ಎಳೆದಾಡಿದರೆ ಬರುತ್ತಿತ್ತೋ ಇಲ್ಲವೋ, ಇಂದಿಗೂ ಅವನಿಗೆ ಖಾತ್ರಿಯಿಲ್ಲ. ಒಂದು ಕಾಲು ಕೆಳಗಿಟ್ಟಿದ್ದನಷ್ಟೇ. ಅಷ್ಟರಲ್ಲಿ ಹಗ್ಗ ದಾಟಿ ಹುಲಗಪ್ಪ ಬಂದಾಗಿತ್ತು.

“ಇಳೀಬ್ಯಾಡ, ಕುಂದ್ರು!” ಎಂದ. ಕಂಬಳಿ ಎಸೆದು, ಬಡಿಗೆಯ ತುದಿಯಿಂದ ಮಡ್‌ಗಾರ್ಡಿನ ಕೆಸರು ಬಗೆದ. “ನಾ ನೂಕ್ತೀನಿ, ನೀ ಎಕ್ಸಲೇಟರ್ ಕೊಡು ತಮ್ಮಾ!”

ದೂರದಿಂದ, ಟ್ರ್ಯಾಕಿನ ಮೇಲೆ ಕಣ್ಣಿಡುವ ಮಾರ್ಷಲ್‌ನ ಸೀಟಿ ಕೇಳುತ್ತಿತ್ತು. “ಬ್ಯಾಡಪ್ಪಾ, ಹಿಂದಕ ಸರಿ” ಎಂದರೆ ಸಾಕಿತ್ತು. ಶಾಂತಕುಮಾರ ಅನ್ನಲಿಲ್ಲ. ಅಪ್ಪ ಅವನ ಗಾಡಿಗೆ ಕೈ ಹಚ್ಚಿದ್ದ. ಆ ಕೈಯನ್ನು ತಳ್ಳಿ ಗೆಲ್ಲುವುದು ಅವನಿಂದಾಗಲಿಲ್ಲ. ಎಕ್ಸಲೇಟರ್ ತಿರುಗಿಸಿದ. ಹುಲಗಪ್ಪನ ಹೆಗಲು ಬಿತ್ತು, ಗಾಡಿ ಜಿಗಿದು ಮೇಲೆ ಬಂತು, ಒಂದು ಪುಟ್ಟಿಯಷ್ಟು ಕೆಸರು ಮುದುಕನ ಮುಖಕ್ಕೆ ರಾಚಿತು. ಜನ ಕೇಕೆ ಹಾಕಿದರು. ಶಾಂತಕುಮಾರ ಮೂರನೆಯವನಾಗಿ ಗೆರೆ ದಾಟಿದ.

ಅರ್ಧ ತಾಸಿನ ಮೇಲೆ ಅಧಿಕಾರಿಗಳ ಡೇರೆಗೆ ಕರೆ ಬಂತು. ಮಾರ್ಷಲ್ ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟಿದ್ದ, ಅವನದೇನೂ ತಪ್ಪಿಲ್ಲ. ಶಾಂತಕುಮಾರನ ಓಟ ರದ್ದಾಯಿತು. ಮ್ಯಾನೇಜರು ಹೊರಗೆ ಬಂದು ಕೂಗಾಡಿದರು.

“ಯಾರಯ್ಯಾ ಅವನು, ಆ ಹುಚ್ಚು ಮುದುಕ?”

“ನಮ್ಮಪ್ಪ ರೀ,” ಎಂದ ಶಾಂತಕುಮಾರ.

ಮ್ಯಾನೇಜರು ಕೆಟ್ಟವರಲ್ಲ. ಅವನ ಭುಜ ತಟ್ಟಿದರು. ಆಮೇಲೆ ಬೈಕನ್ನು ವ್ಯಾನಿಗೆ ಹತ್ತಿಸಲು ಹೇಳಿದರು. ಮುಜಫರ ಮುಖ ತಿರುಗಿಸಿಕೊಂಡು ಹಗ್ಗ ಬಿಗಿದ.

ಹುಲಗಪ್ಪ ಬೋರಿನ ನೀರಿನಲ್ಲಿ ಮುಖ ತೊಳೆದುಕೊಂಡು ಕಾಯುತ್ತಿದ್ದ. ಮೈಕಿನವರು ಹಿಂದಿ, ಇಂಗ್ಲಿಷಿನಲ್ಲಿ ಒದರಿದ್ದು ಅವನಿಗೆ ತಿಳಿದಿರಲಿಲ್ಲ.

“ಮೂರನೇದವ ಬಂದಿ ಅಲ್ಲಾ?”

“ಹೌದಪ್ಪಾ.”

“ನಾ ಒಂದೀಟು ನೂಕಿದ್ದು ಚಲೋ ಆತು ನೋಡು.”

“ಭಾಳ ಚಲೋ ಆತು.”

ಇಬ್ಬರೂ ಬಂಡಿಯ ಮುಂದೆ ನಿಂತು ಮಿರ್ಚಿ ಭಜಿ ತಿಂದರು. ಅಪ್ಪ ಪಕ್ಕದವರಿಗೆಲ್ಲ “ನನ್ನ ಮಗ ರೀ” ಎಂದು ತೋರಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಶಾಂತಕುಮಾರ ತಿಂದ ಊಟಗಳಲ್ಲಿ ಅಷ್ಟು ಸುಖದ್ದು ಇನ್ನೊಂದಿಲ್ಲ, ಅಷ್ಟು ಸಂಕಟದ್ದೂ ಇಲ್ಲ.

ಕಕ್ಕೇರಾಕ್ಕೆ ಬಂದ ಮೇಲೆ ಹುಲಗಪ್ಪ ದಿನಾ ಬಸವಂತ್ರಾಯನ ಹೋಟೆಲಿನಲ್ಲಿ ಕೂತು ತಾನು ಗಾಡಿ ನೂಕಿದ ಕಥೆ ಹೇಳತೊಡಗಿದ. ಹುಡುಗರೆಲ್ಲ ಅಷ್ಟೊತ್ತಿಗೆ ಮೊಬೈಲಿನಲ್ಲಿ ರೇಸಿನ ಫಲಿತಾಂಶದ ಪಟ್ಟಿ ನೋಡಿದ್ದರು. ಅದರಲ್ಲಿ ಶಾಂತಕುಮಾರನ ಹೆಸರಿನ ಮುಂದೆ ಸ್ಥಾನದ ಬದಲು ಗೆರೆ ಎಳೆದಿತ್ತು. ಒಬ್ಬ ಕಿಸಕ್ಕನೆ ನಕ್ಕ. ಬಸವಂತ್ರಾಯ ಚಹಾದ ಸೋಸಣಿಗೆ ಹಿಡಿದುಕೊಂಡೇ ಬಂದು, “ನಕ್ಕಿ ಅಂದ್ರ ನಾಳಿಂದ ಈ ಹೊಸ್ತಲ ತುಳೀಬ್ಯಾಡ” ಎಂದ. ಅಂದಿನಿಂದ ಊರಿಗೆ ಊರೇ ಆ ಕಥೆಯನ್ನು ತಲೆಯಾಡಿಸುತ್ತ ಕೇಳಿತು.

ಶಾಂತಕುಮಾರ ಶಹಾಪುರದಲ್ಲಿ ಮುಜಫರನ ಗ್ಯಾರೇಜಿಗೆ ಸೇರಿದ. ಎರಡು ತಿಂಗಳ ಮೇಲೆ ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಮರಿಗೆ ಔಷಧ ಕುಡಿಸುತ್ತಿದ್ದ.

“ಮುಂದಿನ ರೇಸ್ ಎಲ್ಲೈತಿ? ಎಷ್ಟು ದೂರ ಇದ್ರೂ ಬರ್ತೀನಿ.”

“ಬಿಟ್ಟೀನಪ್ಪಾ. ಮೊಣಕಾಲು ಒಗ್ಗವಲ್ದು.”

“ಮುದನಾಳದಾಗ ಒಗ್ಗಿತ್ತಲ್ಲ?”

ಹುಲಗಪ್ಪ ಮರಿಯನ್ನು ಕೆಳಗೆ ಬಿಟ್ಟು ಎದ್ದ. ಅವನ ಮುಖದ ಮೇಲಿನ ಹುರುಪು ಇಳಿಯುತ್ತಿರುವುದು ಶಾಂತಕುಮಾರನಿಗೆ ಕಾಣುತ್ತಿತ್ತು.

“ಮೂರನೇದವ ಬಂದಾಂವ ಬಿಟ್ಟು ಬರ್ತಾನೇನು? ಊರ ತುಂಬ ಹೇಳಕೋತ ತಿರುಗೀನಿ ನಾನು. ಹೇಡಿ ಅದಿ ನೀ. ಅವತ್ತು ನಿನ್ನ ಗಾಡಿಗೆ ನಾ ಕೈ ಹಚ್ಚಬಾರದಿತ್ತು.”

ಶಾಂತಕುಮಾರ ಅಪ್ಪನನ್ನು ನೋಡಿದ. ಒಂದು ಮಾತು ಹೇಳಿದ್ದರೆ ಹೇಡಿ ಎಂಬ ಹೆಸರು ಅಲ್ಲೇ ಅಳಿಯುತ್ತಿತ್ತು.

“ತಪ್ಪಾತು ಅಪ್ಪಾ,” ಎಂದ.