ತಿಮ್ಮಕ್ಕ ಈಗ ಆ ವಠಾರಕ್ಕೆ ಹೋಗುವುದಿಲ್ಲ

ಬಿನ್ನಿಪೇಟೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಹಾಲಿನ ಬೂತಿನ ಮುಂದೆ ನಾಲ್ಕಾರು ಜನ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿರುವ ತಿಮ್ಮಕ್ಕ, ವಠಾರದ ಹತ್ತಿರ ಬಂದಾಗ ನಡಿಗೆ ಬಿರುಸು ಮಾಡುತ್ತಾರೆ. ಆ ಕಡೆ ತಿರುಗಿಯೂ ನೋಡುವುದಿಲ್ಲ. "ನೋಡಿದ್ರೆ ನಿಂತ್ಬಿಡ್ತೀನಿ. ನಿಂತ್ರೆ ಲೇಟಾಗತ್ತೆ," ಎನ್ನುತ್ತಾರೆ.

ಚಾಮರಾಜಪೇಟೆಯ ಹಳೆಯ ಕನ್ನಡ ಶಾಲೆಯೊಂದರಲ್ಲಿ ಅವರು ಆಯಾ. ಕಸ ಗುಡಿಸಬೇಕು, ನೀರು ತುಂಬಬೇಕು, ಬೆಲ್ ಹೊಡೆಯಬೇಕು. ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಅವರು ವರ್ಷಗಟ್ಟಲೆ ಮಾಡಿದರು. ಈ ವಠಾರದ ತಾಯಂದಿರು ನಸುಕಿನಲ್ಲೇ ಮನೆಗೆಲಸಕ್ಕೆ ಹೊರಟುಬಿಡುತ್ತಾರೆ, ಮಕ್ಕಳನ್ನು ಎಬ್ಬಿಸುವವರಿಲ್ಲ. ತಿಮ್ಮಕ್ಕ ಬಾಗಿಲು ತಟ್ಟಿ ಎಬ್ಬಿಸಿ, ಮುಖ ತೊಳೆಸಿ, ಜಡೆ ಹಾಕಿ, ತಮ್ಮ ಜೊತೆಗೇ ಶಾಲೆಗೆ ಕರೆತರುತ್ತಿದ್ದರು. ಐದನೇ ಕ್ಲಾಸಿನ ತೇಜಶ್ರೀಯನ್ನು ಏಳಿಸುವುದಂತೂ ದೊಡ್ಡ ಸಾಹಸ. "ಹೊದಿಕೆ ಎಳೆದ್ರೆ ಚಾಪೆ ಸುತ್ಕೊಂಡು ಮಲಗೋಳು," ಎನ್ನುವಾಗ ಮಾತ್ರ ತಿಮ್ಮಕ್ಕನ ಮುಖದಲ್ಲಿ ನಗು ಸುಳಿಯುತ್ತದೆ.

ಈ ವರ್ಷ ಶಾಲೆಗೆ ಹೆಬ್ಬೆಟ್ಟು ಒತ್ತುವ ಮಷೀನು ಬಂತು. ಮಕ್ಕಳಿಗೆ ಶಿಸ್ತು ಹೇಳುವ ಮೊದಲು ಕೆಲಸದವರು ಹೊತ್ತಿಗೆ ಸರಿಯಾಗಿ ಬರಲಿ ಎಂಬುದು ಆಡಳಿತ ಮಂಡಳಿಯ ಮಾತು. ಮಕ್ಕಳನ್ನು ಹೊರಡಿಸಿಕೊಂಡು ಬರುವಷ್ಟರಲ್ಲಿ ತಿಮ್ಮಕ್ಕನಿಗೆ ದಿನವೂ ತಡ. ಮುಖ್ಯ ಶಿಕ್ಷಕಿ ಮಾಧವಿ ಒಂದು ದಿನ ಕರೆದು ಕೂರಿಸಿ ಹೇಳಿದರು: "ನೀವ್ಯಾಕೆ ಲೇಟು ಅಂತ ನನಗೆ ಗೊತ್ತು ತಿಮ್ಮಕ್ಕ. ಮಂಡಳಿಯವರಿಗೆ ಅದೆಲ್ಲ ಬೇಕಿಲ್ಲ. ಇನ್ನೊಂದ್ಸಲ ಆದ್ರೆ ಕೆಲಸದಿಂದ ತೆಗೀತಾರೆ."

ಮನೆಯಲ್ಲಿ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಒಲೆ ಉರಿಯುವುದು ಈ ಸಂಬಳದಿಂದಲೇ. ತಿಮ್ಮಕ್ಕ ವಠಾರಕ್ಕೆ ಹೋಗುವುದನ್ನು ನಿಲ್ಲಿಸಿದರು.

ಬೇರೆ ಮಕ್ಕಳು ತಡವಾಗಿಯಾದರೂ ಹೇಗೋ ಬಂದರು. ತೇಜಶ್ರೀ ಬರುವುದೇ ನಿಂತಿತು. ಒಂದು ಭಾನುವಾರ ತಿಮ್ಮಕ್ಕ ಅವಳ ಮನೆಗೆ ಹೋದರು. ತಾಯಿ ಗೋದಾ ಬೈಯಲಿಲ್ಲ. "ಸ್ಕೂಲಿಗೂ ಹೋಗ್ದೆ ದಿನವೆಲ್ಲ ಒಬ್ಳೇ ಇರ್ತಿದ್ಲು ಅಕ್ಕ, ನನಗೆ ಭಯ ಆಯ್ತು. ಈಗ ಕುಮಾರ ಪಾರ್ಕ್ ಮನೆಗೆ ಜೊತೇಲೇ ಕರ್ಕೊಂಡು ಹೋಗ್ತೀನಿ. ಪಾತ್ರೆ ತೊಳೀತಾಳೆ," ಎಂದರು. ಅಷ್ಟರಲ್ಲಿ ಹುಡುಗಿ ಒಳಗಿನಿಂದ ಬಂದಳು. "ಅಜ್ಜಿ, ನಾಳೆಯಿಂದ ಬರ್ತೀರಾ?" ಎಂದು ಕೇಳಿದಳು. ತಿಮ್ಮಕ್ಕ ಅವಳ ತಲೆ ಸವರಿ ಎದ್ದು ಬಂದರು.

ಮೊನ್ನೆ ಶಾಲೆಯಲ್ಲಿ ಪೋಷಕರ ಸಭೆ. ಮಕ್ಕಳನ್ನು ತಪ್ಪದೆ, ಹೊತ್ತಿಗೆ ಸರಿಯಾಗಿ ಕಳಿಸುವುದು ಹೆತ್ತವರ ಹೊಣೆ ಎಂದು ಮಂಡಳಿಯವರು ಮಾತಾಡುತ್ತಿದ್ದಾಗ ತಿಮ್ಮಕ್ಕ ಕಾಫಿ ಹಂಚುತ್ತಿದ್ದರು. "ಯಾರಿಗೆ ಹೇಳ್ಬೇಕಿತ್ತೋ ಅವರೊಬ್ರೂ ಬಂದಿರ್ಲಿಲ್ಲ. ಎಲ್ಲ ಕೆಲಸಕ್ಕೆ ಹೋಗಿದ್ರು," ಎನ್ನುತ್ತಾರೆ.

ಕೆಲಸದಿಂದ ನಿವೃತ್ತಿಯಾಗಲು ಇನ್ನು ಮೂರು ವರ್ಷ. ಆಮೇಲೆ ಮತ್ತೆ ಆ ವಠಾರಕ್ಕೆ ಹೋಗಿ ಮಕ್ಕಳನ್ನು ಎಬ್ಬಿಸಬೇಕೆಂಬುದು ತಿಮ್ಮಕ್ಕನ ಆಸೆ. ಹಾಗೆಂದು ಹೇಳಿ, ತಾವೇ ಸೇರಿಸುತ್ತಾರೆ:

"ತೇಜೂನ ಅಷ್ಟೊತ್ತಿಗೆ ಯಾರೂ ಎಬ್ಬಿಸ್ಬೇಕಾಗಿರಲ್ಲ. ಕೆಲಸದ ಮನೆಯವ್ರು ಹೇಳಿದ ಹೊತ್ತಿಗೆ ಅವಳೇ ಎದ್ದಿರ್ತಾಳೆ."