ಅತ್ತೆಗೆ ಕೊಟ್ಟ ಎಡಗೈ

ನಮ್ಮ ಅತ್ತೆಯ ಬೆರಳುಗಳು ಗೆಣ್ಣು ಗೆಣ್ಣಿಗೂ ಊದಿ, ಹಸಿಶುಂಠಿಯ ಹಾಗೆ ಸೊಟ್ಟಗಾಗಿದ್ದವು. ಆ ಕೈಯಲ್ಲೇ ಅವರು ಟಿ.ವಿ. ಆಟ ಆಡುತ್ತಿದ್ದರು. ಆಟದ ಪೆಟ್ಟಿಗೆಗೆ ರೇಡಿಯೋಕ್ಕಿರುವಂಥ ಬಿರಡೆಯಿತ್ತು. ಅದರ ಮೇಲೆ ಅಂಗೈ ಊರಿ ಹೊರಳಿಸಿದರೆ ಹಸಿರು ಬಳೆಗಳೆಲ್ಲ ಗಲಗಲ ಎನ್ನುತ್ತಿದ್ದವು.

ನಾನು ಖಾನಾಪುರದಿಂದ ಟಿಳಕವಾಡಿಯ ಆ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಗಂಡ ಮಚ್ಛೆ ಊರಿನ ಕಾರ್ಖಾನೆಗೆ, ಮಾವ ಅಂಗಡಿಗೆ ಹೋದ ಮೇಲೆ ಉಳಿಯುವವರು ನಾವಿಬ್ಬರೇ. ಮಧ್ಯಾಹ್ನ ನನ್ನ ತವರು ಖಾನಾಪುರದ ಕಡೆ ಹೋಗುವ ರೈಲುಗಾಡಿ ಕೂಗಿದರೆ ನಾನು ಕಿಟಕಿ ಹಿಡಿದು ನಿಲ್ಲುತ್ತಿದ್ದೆ. ಅತ್ತೆಯ ಬಾಯಿ ಜೋರು. ಸಾರಿಗೆ ಉಪ್ಪು ಹೆಚ್ಚಾದರೆ ಪಕ್ಕದ ಮನೆಗೂ ಗೊತ್ತಾಗುತ್ತಿತ್ತು. ಅಂಥವರೆದುರು ಅಳುವುದುಂಟೆ?

ಒಂದು ದಿನ ಬೆನ್ನ ಹಿಂದೆ ಬಂದು ನಿಂತು, "ಕಿಡಕ್ಯಾಗ ಏನೈತಿ? ಬಾ ಇಲ್ಲಿ, ಕುಂದರ" ಎಂದರು. ಹಡಗಿನ ಕೆಲಸದಲ್ಲಿದ್ದ ಮೈದುನ ತಂದಿಟ್ಟ ಆಟ ಅದು. ಪರದೆಯ ಎರಡು ತುದಿಗೆ ಎರಡು ಬಿಳಿ ಗೆರೆ, ಅವೇ ಬ್ಯಾಟು; ಒಬ್ಬೊಬ್ಬರಿಗೊಂದು ಬಿರಡೆ, ತಿರುವಿದಂತೆ ಗೆರೆ ಮೇಲೆ ಕೆಳಗೆ ಸರಿಯುತ್ತಿತ್ತು. ನಡುವೆ ಚೌಕದ ಚೆಂಡು. ನಾನು ನೆಲದ ಮೇಲೆ ಕೂತೆ. ಅತ್ತೆಯ ಸರಿಸಮ ಕೂರುವ ರೂಢಿ ಆ ಮನೆಯಲ್ಲಿರಲಿಲ್ಲ.

"ಅಲ್ಲಿಂದ ಚೆಂಡ ಕಾಣ್ತೈತೇನ? ಮ್ಯಾಲ ಬಾ. ಆಟದಾಗ ಅತ್ತಿ ಇಲ್ಲ, ಸೊಸಿ ಇಲ್ಲ."

ಅಂದಿನಿಂದ ಮಂಚದ ಮೇಲೆ ಅವರ ಪಕ್ಕದಲ್ಲಿ ನನಗೊಂದು ಜಾಗ. ಗೆದ್ದರೆ ಚಪ್ಪಾಳೆ. ಸೋತರೆ ಯಂತ್ರಕ್ಕೆ ಬೈಗುಳ: "ಖರೇ ಹೇಳ್ತೀನಿ, ಇದು ನಿನ್ನ ತವರಮನಿ ಕಡೀದು!" ನಾನೂ ತಿರುಗಿ ಚೇಷ್ಟೆ ಮಾಡುತ್ತಿದ್ದೆ. ಟಿ.ವಿ. ಆರಿಸಿದರೆ ಮತ್ತೆ ಸೆರಗು ಹೊದ್ದ ಸೊಸೆ.

ಕೆಲವು ವರ್ಷಗಳಲ್ಲಿ ಯಂತ್ರ ಸುಟ್ಟುಹೋಯಿತು. ಮೈದುನ ಹೊಸ ಮಾದರಿಯದನ್ನು ತಂದ. ಅದರ ಹಾರುವ, ಜಿಗಿಯುವ ಆಟಗಳಿಗೆ ಅತ್ತೆ ಮೂಗು ಮುರಿದರು. ಆದರೆ ಒಂದು ಕ್ಯಾಸೆಟ್ಟಿನಲ್ಲಿ ನಮ್ಮ ಹಳೆಯ ಆಟವೂ ಇತ್ತು! ಆ ಎರಡು ಗೆರೆ ಕಂಡದ್ದೇ ಅವರ ಮುಖ ಅರಳಿತು. ಈಗ ಇಬ್ಬರಿಗೂ ಕೈಯಲ್ಲಿ ಹಿಡಿಯಲು ಒಂದೊಂದು ಚಪ್ಪಟೆ ಪೆಟ್ಟಿಗೆ; ತಮ್ಮದನ್ನು ಹಿಂದೆ ಮುಂದೆ ಮಾಡಿ ನೋಡಿದರು.

"ತಿರುವೂದೆಲ್ಲೈತವಾ?"

"ತಿರುವೂದಿಲ್ರೀ ಅತ್ತ್ಯಾರ, ಗುಂಡಿ ಒತ್ತೂದು."

ಆ ಬೆರಳುಗಳಿಂದ ಒತ್ತಲಾಗಲಿಲ್ಲ. ನೋವಿಗೆ ತುಟಿ ಕಚ್ಚಿ ಪೆಟ್ಟಿಗೆ ಕೆಳಗಿಟ್ಟರು. ಆಟ ಹೋದರೆ ಮಂಚದ ಮೇಲಿನ ಜಾಗವೂ ಹೋಯಿತು. ಇಡೀ ದಿನದಲ್ಲಿ ನಾವಿಬ್ಬರು ಗೆಳತಿಯರಾಗಿರುತ್ತಿದ್ದುದು ಅದೊಂದು ತಾಸು.

ಅತ್ತೆ ಎದ್ದುಹೋಗಲಿಲ್ಲ. ನನ್ನ ಎಡಗೈ ಎಳೆದು ತಮ್ಮ ಪೆಟ್ಟಿಗೆಯ ಮೇಲಿಟ್ಟರು.

"ಈ ಕೈ ನಂದು. ನಾ ಹೇಳಿದಂಗ ಒತ್ತಬೇಕು. ಬಲಗೈ ನಿಂದು. ಲಬಾಡಿ ಮಾಡಿ ನನ್ನ ಸೋಲಿಸಿದಿ ಅಂದ್ರ ನೋಡ ಮತ್ತ!"

ಹಾಗೆ ನಾನು ಎರಡೂ ಕಡೆ ಆಡತೊಡಗಿದೆ. "ಮ್ಯಾಲ, ಮ್ಯಾಲ... ಇಳಸ, ಇಳಸ!" ಎಂದು ಅವರು ಕೂಗುವುದು, ನನ್ನ ಎಡಗೈ ಓಡುವುದು. ನನ್ನ ಬಲಗೈ ನನ್ನದೇ ಎಡಗೈಗೆ ದಿನವೂ ಸೋಲುತ್ತಿತ್ತು. ಅತ್ತೆಯ ಜಂಬ ಹೇಳತೀರದು.

ಆ ದಶಕ ಮುಗಿಯುವ ಮುನ್ನ ಅವರು ತೀರಿಕೊಂಡರು. ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಮಂಚದ ಮೇಲೆ ಕೂತು ಆಟ ಹಚ್ಚಿದೆ. ಚೆಂಡು ಅವರ ಕಡೆ ಹೋಯಿತು. ಎಡಗೈ ಗುಂಡಿಯ ಮೇಲೆಯೇ ಇತ್ತು, ಒತ್ತಲಿಲ್ಲ. ಮತ್ತೆ ಚೆಂಡು ಹೋಯಿತು. ನನ್ನ ಅಂಕ ಏರುತ್ತಲೇ ಇತ್ತು. ಅವರೆದುರು ಇಷ್ಟು ಸಲೀಸಾಗಿ ನಾನು ಎಂದೂ ಗೆದ್ದಿರಲಿಲ್ಲ.

"ಹೇಳ್ರೀ ಅತ್ತ್ಯಾರ" ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ.