ಜಯಮಾವನ ಗಿಳಿಹಸಿರು ಕೋವಿ

ದಸರಾಕ್ಕೆ ಸ್ವಲ್ಪ ಮೊದಲು ನಾನು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಕೋವಿ ಹಾಕಿದೆ.

ಗಾಬರಿಯಾಗಬೇಡಿ. ಹಾಕಿದ್ದು ಕೋವಿಯ ಡಿಸೈನ್ ಫೈಲ್. ಅದನ್ನು ತ್ರೀಡಿ ಪ್ರಿಂಟರಿಗೆ ಉಣಿಸಿದರೆ ಅದು ಪ್ಲಾಸ್ಟಿಕ್ ಕರಗಿಸಿ, ಪದರದ ಮೇಲೆ ಪದರ ಕೂರಿಸಿ, ಕೋವಿಯನ್ನೇ ಮಾಡಿಕೊಡುತ್ತದೆ. ಫೈಲಿನ ಕೆಳಗೆ "ಬೆಡಿ ರೆಡಿ" ಎಂದು ಬರೆದಿದ್ದೆ. (ತುಳುವಿನಲ್ಲಿ ಬೆಡಿ ಎಂದರೆ ಕೋವಿ. ಪ್ರಾಸ ಸಿಕ್ಕಿತೆಂದು ಹಿಗ್ಗಿದ್ದೆ ಬೇರೆ.)

ಕೈಯಲ್ಲಿದ್ದ ಚಹಾ ಆರುವ ಮೊದಲೇ ದುಬೈಯಿಂದ ಅಣ್ಣನ ಫೋನ್ ಬಂತು.

"ನಿನ್ನ ಮಂಡೆ ಸಮ ಉಂಟಾ? ಅದನ್ನು ಮೊದಲು ತೆಗಿ."

ಅಣ್ಣ ಯಾಕೆ ಹಾಗೆ ಹಾರಿಬಿದ್ದ ಎಂದು ಹೇಳುವ ಮೊದಲು, ನನಗೆ ಕೋವಿ ಯಾಕೆ ಬೇಕಿತ್ತು ಎಂದು ಹೇಳಬೇಕು. ಬೇಕಾದದ್ದು ನನಗಲ್ಲ, ಜಯಮಾವನಿಗೆ.

ಜಯಮಾವ ನನ್ನ ಅಮ್ಮನ ಅಣ್ಣ. ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು, ಮನೆ ಉರ್ವದಲ್ಲಿ. ವಯಸ್ಸಿದ್ದಷ್ಟು ದಿನ ದಸರಾಕ್ಕೆ ಅಲ್ಲಿನ ಹುಲಿವೇಷದ ತಂಡದಲ್ಲಿ ಹುಲಿಯಾಗಿ ಕುಣಿದರು. ಮೊಣಗಂಟು ಮುಷ್ಕರ ಹೂಡಿದ ಮೇಲೆ ಬೇಟೆಗಾರನಾದರು. ಟೊಪ್ಪಿ ಹಾಕಿ, ಮರದ ಕೋವಿ ಹಿಡಿದು ಹುಲಿಗಳ ನಡುವೆ ಸುತ್ತಾಡಿ, ಕೊನೆಗೆ ಗುರಿಯಿಟ್ಟು ಹುಲಿಯನ್ನು ಬೀಳಿಸುವ ವೇಷ ಅದು. ಕುಣಿಯಬೇಕೆಂದಿಲ್ಲ, ಗತ್ತು ಇದ್ದರೆ ಸಾಕು. ಗತ್ತಿಗೆ ನಮ್ಮ ಮಾವನಲ್ಲಿ ಯಾವತ್ತೂ ಬರವಿಲ್ಲ.

ಈ ಸಲ ಅಟ್ಟದಿಂದ ಕೋವಿ ಇಳಿಸಿದರೆ ಗೆದ್ದಲು ಹಿಡಿದು ಅರ್ಧ ಹುಡಿಯಾಗಿತ್ತು. ಬಡಗಿ "ದೀಪಾವಳಿ ಕಳಿಯಲಿ" ಎಂದ. ನಾನು ಅಂಗಡಿಯಿಂದ ಆಟಿಕೆ ಕೋವಿ ತಂದುಕೊಟ್ಟೆ. ಮಾವನ ಕೈಯಲ್ಲಿ ಅದು ಗ್ಯಾಸ್ ಲೈಟರಿನ ಹಾಗೆ ಕಂಡಿತು. ತಂಡದವರು ಬಹಳ ಮರ್ಯಾದೆಯಿಂದಲೇ ಹೇಳಿದರು, "ಬೇಟೆಗಾರ ಈ ಸಲ ಬೇಡ ಮಾವ, ಬದಲಿಗೆ ಒಂದು ಕರಡಿ ಇಡುವಾ. ನೀವು ಆರಾಮ ಕುರ್ಚಿಯಲ್ಲಿ ಕೂತು ನೋಡಿ."

ಕರಡಿಯನ್ನು ಮಾವ ಸಹಿಸಿಕೊಂಡರೋ ಏನೋ. ಕುರ್ಚಿಯನ್ನು ಸಹಿಸಲಿಲ್ಲ.

"ಒಮ್ಮೆ ಕುರ್ಚಿಯಲ್ಲಿ ಕೂರಿಸಿದರೆ ಮತ್ತೆ ಏಳಿಸುವುದಿಲ್ಲ ಮಾರಾಯ್ತಿ" ಎಂದರು ನನ್ನಲ್ಲಿ. ಸದಾ ಗಟ್ಟಿಯಾಗಿ ಮಾತಾಡುವ ಮನುಷ್ಯ ಇದನ್ನು ಮೆಲ್ಲಗೆ ಹೇಳಿದರು.

ಆಗ ನೆನಪಾದವಳು ರೇಷ್ಮಾ. ಕೊಡಿಯಾಲ್‌ಬೈಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವಳು. ಒಂದು ಕೋಣೆಯಲ್ಲಿ ತ್ರೀಡಿ ಪ್ರಿಂಟರ್ ಇಟ್ಟು ಕಾಲೇಜು ಮಕ್ಕಳ ಪ್ರಾಜೆಕ್ಟ್ ಮಾಡೆಲ್ ಮಾಡಿಕೊಡುತ್ತಾಳೆ. ಮಾವನನ್ನು ಕೂರಿಸಿಕೊಂಡು, ಅವರು ಹೇಳಿದ ಹಾಗೆಲ್ಲ ಬಗ್ಗಿಸಿ, ಉದ್ದ ಮಾಡಿ ಡಿಸೈನ್ ತಯಾರಿಸಿದಳು. ಫೈಲನ್ನು ನನಗೆ ಕಳಿಸಿದಳು. ನಾನು ಗ್ರೂಪಿಗೆ ಹಾಕಿದೆ. (ನಮ್ಮಲ್ಲಿ ಹೊಸ ಮಿಕ್ಸಿ ಬಂದರೂ ಗ್ರೂಪಿನ ಒಪ್ಪಿಗೆ ಬೇಕು. ಇನ್ನು ಕೋವಿಗೆ ಬೇಡವೇ?)

ಈಗ ಅಣ್ಣನ ವಿಷಯ. ಅವನು ಹಿಂದಿನ ದಿನವಷ್ಟೇ ಎಲ್ಲೋ ಓದಿದ್ದನಂತೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂಥ ಫೈಲನ್ನು ಆನ್‌ಲೈನಿನಲ್ಲಿ ಹಂಚುವುದಕ್ಕೇ ಕಾನೂನಿನ ತಡೆ ಉಂಟು. ಕೋವಿ ಮಾಡುವುದು ಹಾಗಿರಲಿ, ಮಾಡುವ ನಕ್ಷೆಯನ್ನು ಕಂಡಕಂಡವರಿಗೆ ಕಳಿಸಿದರೂ ತಪ್ಪು.

"ಅದು ಅಮೆರಿಕ ಅಲ್ವಾ?" ಎಂದೆ.

"ನಾನು ಇರುವುದು ಉರ್ವದಲ್ಲಾ? ನಾಳೆ ಏರ್‌ಪೋರ್ಟಿನಲ್ಲಿ ಫೋನ್ ತೋರಿಸು ಅಂದರೆ ಎಂತ ಹೇಳಲಿ? ಹುಲಿಗೆ ಅಂತ ಹೇಳುವುದಾ?"

ಅದೂ ಹೌದಲ್ಲ. "ಡಿಲೀಟ್ ಫಾರ್ ಎವ್ರಿವನ್" ಒತ್ತಿದೆ. ರೇಷ್ಮಾ ನನಗೆ ಕಳಿಸಿದ್ದನ್ನೂ ಅಳಿಸಿದೆ. ಅಣ್ಣ ಅಷ್ಟಕ್ಕೆ ಬಿಡದೆ ಎಲ್ಲರಿಗೂ ವಾಯ್ಸ್ ಮೆಸೇಜ್ ಕಳಿಸಿದ. ಯಾರ ಫೋನಿನಲ್ಲಿ ಇಳಿದಿದ್ದರೂ ಕೂಡಲೇ ಅಳಿಸಬೇಕು ಎಂದು ಕಟ್ಟಪ್ಪಣೆ. ನಾನು ಮೇಲಿನ ಮನೆಗೆ ಓಡಿದೆ. ವಿಷಯ ಕೇಳಿದ ರೇಷ್ಮಾ, "ನನಗೆ ಮೊದಲೇ ಮನೆ ಓನರಿನ ಕಿರಿಕಿರಿ ಉಂಟು ಅಕ್ಕ" ಎನ್ನುತ್ತ ತನ್ನ ಲ್ಯಾಪ್‌ಟಾಪಿನಿಂದಲೂ ಫೈಲ್ ತೆಗೆದು, ಕಸದ ಬುಟ್ಟಿಯನ್ನೂ ಖಾಲಿ ಮಾಡಿಬಿಟ್ಟಳು.

ಎಲ್ಲರೂ ಕಾನೂನು ಪಾಲಿಸಿದ ಮೇಲೆ ನಾನು ಆ ಕಾನೂನು ಏನು ಹೇಳುತ್ತದೆ ಎಂದು ಓದಲು ಕೂತೆ. (ನಮ್ಮ ಕ್ರಮವೇ ಹಾಗಲ್ಲವೇ?) ಅದೆಲ್ಲ ನಿಜವಾಗಿ ಗುಂಡು ಹಾರುವ ಕೋವಿಯ ಮಾತು. ಲೈಸೆನ್ಸ್ ಇಲ್ಲದೆ, ನಂಬರ್ ಇಲ್ಲದೆ, ಯಾರೋ ಕೋಣೆಯ ಮೂಲೆಯಲ್ಲಿ ಕೂತು ತಯಾರಿಸಿಕೊಳ್ಳುವ ಕೋವಿ. ನಮ್ಮದರ ನಳಿಗೆಗೆ ತೂತೇ ಇಲ್ಲ. ಗುಂಡಿರಲಿ, ಗಾಳಿಯೂ ಹೊರಗೆ ಬಾರದು.

ಅಣ್ಣನಿಗೆ ಹೇಳಿದೆ. "ತೂತಿಲ್ಲ ಅಂತ ಮೊದಲೇ ಹೇಳಬಾರದಾ?" ಎಂದ.

ಆದರೆ ಫೈಲ್ ಎಲ್ಲಿ? ರೇಷ್ಮಾಳಿಗೆ ಮತ್ತೆ ಬರೆಯಲು ಪುರುಸೊತ್ತಿಲ್ಲ, ಪ್ರಾಜೆಕ್ಟುಗಳ ಕ್ಯೂ ಉಂಟು. ಗ್ರೂಪಿನಲ್ಲಿ ಕೇಳಿದರೆ ಒಬ್ಬೊಬ್ಬರಾಗಿ "ಡಿಲೀಟ್ ಮಾಡಿದೆ" ಎಂದು ಹೆಬ್ಬೆರಳು ತೋರಿಸಿದರು. ನಮ್ಮ ಕುಟುಂಬ ಒಂದು ಮಾತಿಗೆ ಹೀಗೆ ಒಟ್ಟಾದದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ತಂಡದ ಹುಡುಗರು ಕರಡಿ ವೇಷಕ್ಕೆ ಅಳತೆ ಕೊಟ್ಟದ್ದೂ ಆಯಿತು. ಮಾವ ಫೋನ್ ಎತ್ತುವುದನ್ನು ಬಿಟ್ಟರು.

ಆಗ ಕಾಟಿಪಳ್ಳದಿಂದ ಸರೋಜ ಚಿಕ್ಕಮ್ಮ, ಮಾವನ ತಂಗಿ, ಫೋನ್ ಮಾಡಿದರು. ದನಿಯಲ್ಲಿ ಅಪರಾಧಿಯ ಅಂಜಿಕೆ.

"ನನ್ನ ಫೋನಿಂದ ತೆಗೆದಿದ್ದೇನೆ ಆಯ್ತಾ. ಆದ್ರೆ ಅದಕ್ಕಿಂತ ಮೊದಲು ಭಜನೆ ಗ್ರೂಪಿಗೆ ಹಾಕಿದ್ದೆ. ಅವರೆಲ್ಲ ಮುಂದೆ ಕಳಿಸಿದ್ದಾರೆ. ಈಗ ಎಂತ ಮಾಡುವುದು?"

"ನಿಮಗೆ ಆ ಫೈಲ್ ಓಪನ್ ಆಯ್ತಾ ಚಿಕ್ಕಮ್ಮ?"

"ಇಲ್ಲಪ್ಪ."

"ಮತ್ತೆ ಯಾಕೆ ಕಳಿಸಿದಿರಿ?"

"ಮನೆಯವರೇ ಹಾಕಿದ್ದಲ್ವಾ, ಒಳ್ಳೇದೇ ಇರ್ತದೆ ಅಂತ."

ಫೈಲಿನ ಕೆಳಗೆ ಚಿಕ್ಕಮ್ಮ ತನ್ನದೂ ಒಂದು ಸಾಲು ಸೇರಿಸಿದ್ದರು: "ಜಯಣ್ಣನ ಬೆಡಿ. ಎಲ್ಲರೂ ಆಶೀರ್ವದಿಸಿ." ಪುಣೆಯಿಂದ ಯಾರೋ ಇದು ಯಾವ ರಂಗೋಲಿ ಎಂದು ಕೇಳಿದ್ದರಂತೆ. ನಾನು ಅಡುಗೆಮನೆಯಲ್ಲೇ ಒಂದು ಸುತ್ತು ಹುಲಿ ಕುಣಿದೆ.

ಭಜನೆ ಗ್ರೂಪಿನಿಂದ ಕೋವಿ ಮರಳಿ ಬಂತು. ರೇಷ್ಮಾಳಲ್ಲಿ ಉಳಿದದ್ದು ಗಿಳಿಹಸಿರು ಬಣ್ಣದ ಪ್ಲಾಸ್ಟಿಕ್ ಮಾತ್ರ. ಹೆದರುತ್ತಲೇ ಮಾವನಿಗೆ ತಿಳಿಸಿದೆ.

"ಹಸಿರಾದರೆ ಎಂತ? ಕಾಡಿನಲ್ಲಿ ಹುಲಿಗೆ ಕಾಣುವುದಿಲ್ಲ."

ಪ್ರಿಂಟಾದ ಕೋವಿ ನೋಡಿ ತಂಡದವರು ಕರಡಿಯ ಜೊತೆ ಬೇಟೆಗಾರನಿಗೂ ಒಪ್ಪಿದರು. ದಸರಾದ ದಿನ ಉರ್ವ ಮಾರ್ಕೆಟಿನ ಎದುರು ತಾಸೆ ವಾದ್ಯದ ಪೆಟ್ಟು ಏರುತ್ತಿತ್ತು. ಮಾವ ಟೊಪ್ಪಿ ಸರಿಮಾಡಿ, ಒಂದು ಕಣ್ಣು ಮುಚ್ಚಿ, ಹಸಿರು ಕೋವಿಯನ್ನು ಹೆಗಲಿಗೇರಿಸಿದರು. ತಾಸೆ ನಿಂತಿತು. ಯಾರೋ ಪಟಾಕಿ ಹೊಡೆದರು. ದೊಡ್ಡ ಹುಲಿ ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ಬಿತ್ತು. ಜೊತೆಗೆ ಕರಡಿಯೂ ಬಿತ್ತು, ಯಾರೂ ಹೇಳದೆ. ಮೀನು ಮಾರುವ ಹೆಂಗಸರ ಶಿಳ್ಳೆಗೆ ನನ್ನ ಕಿವಿ ಗುಂಯ್ ಎಂದಿತು. ಮಾವ ಕೋವಿಯ ತುದಿಗೆ ಊದಿ, ಇಲ್ಲದ ಹೊಗೆಯನ್ನು ಹಾರಿಸಿದರು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಮಾವ ಕುರ್ಚಿಯಿಂದ ತಪ್ಪಿಸಿಕೊಂಡರು. ಉಳಿಸಿದ್ದು, ಅಳಿಸಿದರೂ ಅಳಿಯದ ಒಂದು ಫೈಲ್. ಆ ದಿನವಿಡೀ ನಾನು ಫಾರ್ವರ್ಡ್ ಎಂಬ ಗುಂಡಿಯನ್ನು ಹೊಗಳಿದ್ದೇ ಹೊಗಳಿದ್ದು.

ಮೊನ್ನೆ ಬೆಳಿಗ್ಗೆ ನನ್ನ ಕಾಲೇಜು ಗೆಳತಿಯರ ಗ್ರೂಪಿಗೆ ಅದೇ ಫೈಲ್ ಬಂತು. ಎಲ್ಲೆಲ್ಲಿ ಸುತ್ತಿ ಬಂತೋ ಗೊತ್ತಿಲ್ಲ. ಕೆಳಗಿದ್ದ ಚಿಕ್ಕಮ್ಮನ ಸಾಲು ಉದುರಿಹೋಗಿತ್ತು. ಯಾರ ಕೋವಿ, ಯಾವ ಹುಲಿಗೆ, ತೂತು ಉಂಟೋ ಇಲ್ಲವೋ, ಏನೂ ಇರಲಿಲ್ಲ. ಬರೀ ಫೈಲ್, ಮೇಲೊಂದು ಗುಲಾಬಿ ಹೂವು.

ನಗಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಕಾನೂನು ಬರೆಯುವವರು ಎಷ್ಟು ಬೇಕಾದರೂ ಬರೆಯಲಿ, ಬರೆಯಲೇಬೇಕು. ಆದರೆ ಒಮ್ಮೆ ಹೊರಟ ಫೈಲನ್ನು ಹಿಂದಕ್ಕೆ ಕರೆಯುವವರು ಯಾರು? ನಮ್ಮ ಚಿಕ್ಕಮ್ಮ ಕಳಿಸಿದ್ದು ಹೇಗೂ ತೂತಿಲ್ಲದ ಕೋವಿ.

ತೂತಿರುವುದನ್ನು ಈ ಹೊತ್ತಿಗೆ ಯಾರ ಚಿಕ್ಕಮ್ಮ ಯಾವ ಗ್ರೂಪಿಗೆ ಕಳಿಸುತ್ತಿದ್ದಾರೋ?